ಕರೆಂಟು ಹೋದರೂ ಉಳಿದ ಎಣಿಕೆ

ತುಂಗಭದ್ರೆಯ ದಡದಲ್ಲೊಂದು ಆಶ್ರಮ. ಅಲ್ಲಿನ ಗುರು ಮುಪ್ಪಯ್ಯನವರು ಸಾವಿರಾರು ತಾಳೆಗರಿಗಳನ್ನು ಕಂಪ್ಯೂಟರಿಗೆ ಏರಿಸಿ, ಊರೂರಿನ ಓದುಗರಿಗೆ ತೆರೆದಿಟ್ಟಿದ್ದರು. ಅದರ ಸರ್ವರ್ ನೋಡಿಕೊಳ್ಳುತ್ತಿದ್ದವನು ಶಿಷ್ಯ ಪಾಲಾಕ್ಷ.

ಒಂದು ಬೆಳಗ್ಗೆ ಕರೆಂಟು ಹೋಗಿ ಸರ್ವರ್ ತಟ್ಟನೆ ನಿಂತಿತು. ಪಾಲಾಕ್ಷ ಮತ್ತೆ ಚಾಲೂ ಮಾಡಿ ಓಡಿಬಂದ.

“ಬುದ್ಧಿ, ಒಂದಕ್ಷರವೂ ಹೋಗಿಲ್ಲ!”

“ಹಾಗಾದರೆ ಓದುವವರು ಯಾಕೆ ಕಾಯುತ್ತಿದ್ದಾರೆ?”

ಪಾಲಾಕ್ಷ ಹೋಗಿ ನೋಡಿದ. ಯಾವ ಗ್ರಂಥವನ್ನು ಎಷ್ಟು ಸಲ ಹುಡುಕಿದರು, ಎಲ್ಲಿ ಎಷ್ಟು ತಿದ್ದಿದರು ಎಂಬ ಎಣಿಕೆಯೆಲ್ಲ ಸೊನ್ನೆಯಾಗಿತ್ತು. ಆ ಎಣಿಕೆ ನೋಡಿಕೊಂಡೇ ಸರ್ವರ್, ತಿದ್ದಿದ ಮೇಲೆ ತನ್ನೊಳಗೆ ಉಳಿದ ಹಳೆಯ ಪ್ರತಿಗಳ ಕಸ ತೆಗೆಯುತ್ತಿತ್ತು. ಈಗ ಕಸ ಹಾಗೇ ಉಳಿದು, ಹುಡುಕಾಟ ತೆವಳುತ್ತಿತ್ತು.

“ಎಣಿಕೆ ಮೆಮೊರಿಯಲ್ಲಿರುತ್ತದೆ ಬುದ್ಧಿ. ನಾವು ಹೇಳಿ ನಿಲ್ಲಿಸಿದರೆ ಮಾತ್ರ ಡಿಸ್ಕಿಗೆ ಬರೆದಿಡುತ್ತದೆ.”

“ಕರೆಂಟು ಹೇಳಿ ಹೋಗುತ್ತದೆಯೇ?”

ಪಾಲಾಕ್ಷ ಮತ್ತೆ ಸರ್ವರ್ ಮುಂದೆ ಕೂತ. ಸಂಜೆಯೊಳಗೆ, ನಿಮಿಷಕ್ಕೊಮ್ಮೆ ಎಣಿಕೆಯನ್ನು ಒಂದು ಫೈಲಿಗೆ ಬರೆಯುವಂತೆ ಮಾಡಿದ. ಗುರುಗಳು ಬಂದು ನೋಡಿದರು. ನೋಡುತ್ತಲೇ ಪ್ಲಗ್ ಕಿತ್ತರು.

ಫೈಲು ಅರ್ಧ ಬರೆದು ಕೆಟ್ಟಿತ್ತು. ಎಣಿಕೆ ಮತ್ತೆ ಸೊನ್ನೆ.

“ಬರೆಯುತ್ತಿರುವಾಗಲೇ ಕಿತ್ತುಬಿಟ್ಟಿರಲ್ಲ ಬುದ್ಧಿ!”

“ಹೌದು” ಎಂದು ಗುರುಗಳು ಹೊರಟೇಹೋದರು.

ಪಾಲಾಕ್ಷನಿಗೆ ಅಳು ಬಂತು. ಆಮೇಲೆ ಛಲ ಬಂತು. ಹನ್ನೊಂದು ದಿನ ಕೂತ. ಈಗ ಹೊಸ ಎಣಿಕೆ ಬೇರೊಂದು ಫೈಲಿಗೆ ಹೋಗುತ್ತಿತ್ತು. ಪೂರ್ತಿ ಬರೆದು, ಸರಿಯಿದೆಯೆಂದು ತಾಳೆ ನೋಡಿದ ಮೇಲಷ್ಟೇ ಹಳೆಯದರ ಜಾಗಕ್ಕೆ ಬರುತ್ತಿತ್ತು. ನಡುವೆ ನಿಂತರೂ ಹಳೆಯದು ಇದ್ದೇ ಇರುತ್ತಿತ್ತು.

ಗುರುಗಳು ಸ್ನಾನಕ್ಕೆ ಹೋಗುವಾಗ ಪ್ಲಗ್ ಕಿತ್ತರು. ಊಟ ಮುಗಿಸಿ ಬಂದು ಕಿತ್ತರು. ಮಾತನಾಡುತ್ತ ಮಾತನಾಡುತ್ತ ಕಿತ್ತರು. ಪ್ರತಿ ಸಲವೂ ಎಣಿಕೆ ಮರಳಿ ಬಂತು. ಪಾಲಾಕ್ಷ ಎದೆಯೆತ್ತಿ ನಡೆಯತೊಡಗಿದ. ಗುರುಗಳು ಮಾತ್ರ ಕೀಳುತ್ತಲೇ ಇದ್ದರು.

ಒಂದು ದಿನ ಬೇರೆ ಬೇರೆ ಮಠಗಳಿಂದ ವಿದ್ವಾಂಸರು ಬಂದರು. ಅವರೆದುರು ಗುರುಗಳ ಕೈ ಪ್ಲಗ್ಗಿನತ್ತ ಚಾಚಿತು.

“ಇರಲಿ ಬುದ್ಧಿ, ನಾನೇ ಕೀಳುತ್ತೇನೆ.”

ಪಾಲಾಕ್ಷ ಕಿತ್ತ. ಮತ್ತೆ ಚಾಲೂ ಮಾಡಿದ.

“ಎಲ್ಲ ಬಂತೇ?” ಎಂದರು ಗುರುಗಳು.

ಹೌದೆಂದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

“ಇಲ್ಲ ಬುದ್ಧಿ. ಕೊನೆಯ ಸಲ ಬರೆದಿಟ್ಟ ಮೇಲಿನ ಮೂವತ್ತೆಂಟು ಸೆಕೆಂಡಿನ ಎಣಿಕೆ ಹೋಗಿದೆ.”

ಗುರುಗಳು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ವಿದ್ವಾಂಸರ ಕಡೆ ತಿರುಗಿದರು.

“ಹೋದದ್ದೆಷ್ಟೆಂದು ಮುಚ್ಚಿಡದೆ ಹೇಳಿದ, ಕೇಳಿದಿರಲ್ಲ? ಉಳಿದದ್ದೆಲ್ಲ, ಈ ಗ್ರಂಥಭಂಡಾರವೇ, ಇನ್ನು ಇವನ ಕೈಯಲ್ಲಿರುತ್ತದೆ.”