ಗಂಟೆ ಕೇಳಿದ ಇಬ್ಬರು

“ಗುರುಗಳೇ, ಇಬ್ಬರು ಮಿತ್ರರು ಒಂದೇ ಮಾತು ಹೇಳಿದರೆ ಸಂಶಯಪಡಬಹುದು. ಆದರೆ ಇಬ್ಬರು ಹಗೆಗಳು ಒಂದೇ ಮಾತು ಹೇಳಿದರೆ ಅದು ಸತ್ಯವೇ ಅಲ್ಲವೇ?”

ಹೀಗೆ ಕೇಳಿದವನು ಶಿಷ್ಯ ಮರುಳಸಿದ್ಧ. ಅವನ ಕೈಯಲ್ಲಿ ಒಂದು ಕಾಗದವಿತ್ತು. ಊರಿನ ಅಣ್ಣತಮ್ಮಂದಿರಿಬ್ಬರು ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ನ್ಯಾಯ ಮಠಕ್ಕೆ ಬಂದಿತ್ತು. ಅಣ್ಣ ಹೇಳಿದ್ದನ್ನು ತಮ್ಮ ಒಪ್ಪಲಿಲ್ಲ, ತಮ್ಮ ಹೇಳಿದ್ದನ್ನು ಅಣ್ಣ ಒಪ್ಪಲಿಲ್ಲ. ಒಂದು ಮಾತಿಗೆ ಮಾತ್ರ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ತಮ್ಮಿಬ್ಬರ ನಡುವೆ ಚಾಡಿ ಹೇಳಿ ಮನೆ ಒಡೆದವನು, ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ನೀರುಗಂಟಿ ಕೆಂಚಪ್ಪ ಎಂದರು. ಕೆಂಚಪ್ಪನು ಊರು ಬಿಡತಕ್ಕದ್ದು ಎಂದು ಶಿಷ್ಯನು ತೀರ್ಪು ಬರೆದು, ಮಠದ ಮೊಹರು ಒತ್ತಿಸಲು ತಂದಿದ್ದನು.

ಗುರುಗಳು ಪೂರ್ವಾಶ್ರಮದಲ್ಲಿ ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತರಾದವರು. ಯಾರಾದರೂ ಪ್ರಶ್ನೆ ಕೇಳಿದರೆಂದರೆ ಅವರಿಗೆ ಹಬ್ಬ. ಕಾಗದವನ್ನು ಕೈಗೆ ತೆಗೆದುಕೊಳ್ಳದೆ, ಕೂರು ಎಂದು ಚಾಪೆ ತೋರಿಸಿದರು.

“ಒಂದು ಕತೆ ಹೇಳುತ್ತೇನೆ. ಮೊದಲು ನೀನೇ ಊಹಿಸು, ತಮ್ಮಾ. ಗುಡ್ಡದ ಮೇಲೆ ಒಂದು ಪಾಳು ಮನೆ. ಒಳಗೆ ಹನ್ನೊಂದು ಜನ ಅಡಗಿದ್ದಾರೆ, ಹೊರಗೆ ಒಬ್ಬ ಕಾವಲು ನಿಂತಿದ್ದಾನೆ. ಕೆಳಗಿನ ಹಳ್ಳಿಯವರನ್ನು ಬಿಟ್ಟರೆ ಬೇರೆ ಯಾರಿಗೂ ಸುದ್ದಿ ಗೊತ್ತಿಲ್ಲ. ಒಂದು ಮಧ್ಯಾಹ್ನ ಸಿಪಾಯಿಗಳು ಬಂದು ಮನೆ ಸುತ್ತುವರಿದರು. ಹನ್ನೊಂದು ಜನವೂ ಸತ್ತರು. ಏನು ನಡೆದಿರಬೇಕು, ಹೇಳು ನೋಡೋಣ.”

“ಯಾರೋ ಸುಳಿವು ಕೊಟ್ಟಿದ್ದಾರೆ,” ಎಂದನು ಶಿಷ್ಯ.

“ಎಷ್ಟು ಬೇಗ ಹೇಳಿಬಿಟ್ಟೆ. ಅವರೂ ಹಾಗೆಯೇ ಹೇಳಿದರು,” ಎಂದು ಗುರುಗಳು ನಕ್ಕರು. ಆಮೇಲೆ ನಗದೆ ಕತೆ ಹೇಳಿದರು.

ಪಡುವಣ ಕಡಲುಗಳಾಚೆ ಐರ್ಲೆಂಡ್ ಎಂಬ ದ್ವೀಪವಿದೆ. ನಮ್ಮನ್ನು ಆಳಿದವರೇ ಅವರನ್ನೂ ಆಳುತ್ತಿದ್ದರು, ಅದೂ ನಮಗಿಂತ ಬಹಳ ಹಿಂದಿನಿಂದ. ನೂರು ವರ್ಷದ ಹಿಂದೆ ಅಲ್ಲಿಯ ಜನ ಬಂದೂಕು ಹಿಡಿದರು. ಎದುರು ನಿಂತು ಗೆಲ್ಲುವಷ್ಟು ಬಲ ಅವರಿಗಿರಲಿಲ್ಲ. ಹತ್ತು ಹನ್ನೆರಡು ಜನ ಗುಂಪು ಕಟ್ಟಿಕೊಂಡು, ದಾರಿ ಕಾದು, ಹೊಡೆದು, ಗುಡ್ಡ ಸೇರುತ್ತಿದ್ದರು. ಅಂಥದೊಂದು ಗುಂಪು ಒಂದು ಹಳ್ಳಿಯ ಮೇಲಿನ ಪಾಳು ಮನೆಯಲ್ಲಿತ್ತು. ಹಳ್ಳಿಯ ಹೆಸರು ಬೇಡ, ಕತೆಗೆ ಅದರ ಅಗತ್ಯವಿಲ್ಲ. ನಲವತ್ತು ಮನೆಯ ಹಳ್ಳಿ. ನಲವತ್ತು ಮನೆಯವರೂ ಸರದಿಯ ಮೇಲೆ ಆ ಗುಂಪಿಗೆ ರೊಟ್ಟಿ ಹಾಲು ಕಳಿಸುತ್ತಿದ್ದರು.

ಆ ಹಳ್ಳಿಗೆ ಎರಡು ಸದ್ದು. ಒಂದು ಚರ್ಚಿನ ಗಂಟೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದು ಹೊಡೆದಾಗ ಹೊಲದಲ್ಲಿದ್ದವನೂ ಟೋಪಿ ತೆಗೆದು, ನಿಂತಲ್ಲಿಯೇ ಪ್ರಾರ್ಥನೆ ಮಾಡುವನು. ಇನ್ನೊಂದು ಕಲಾಯಿಗಾರನ ಸುತ್ತಿಗೆ. ನಮ್ಮಲ್ಲೂ ಬೀದಿಬೀದಿ ಕೂಗಿಕೊಂಡು ಬರುತ್ತಿದ್ದರಲ್ಲ, ಅಂಥವನೇ. ತಗಡಿನ ಪಾತ್ರೆ ಮಾಡುವವನು, ತೂತಿಗೆ ತೇಪೆ ಹಾಕುವವನು. ಹೆಂಡತಿಯನ್ನೂ ಒಂದು ಕತ್ತೆಯನ್ನೂ ಕಟ್ಟಿಕೊಂಡು ಊರೂರು ಅಲೆಯುವನು. ತಿಂಗಳಿಗೊಮ್ಮೆ ಈ ಹಳ್ಳಿಯ ಸೇತುವೆಯ ಬಳಿ ಬಿಡಾರ ಹೂಡುವನು. ಹಳ್ಳಿಯ ಕೆಟಲಿಗೂ ಅವನೇ ಬೇಕು, ಸಿಪಾಯಿಗಳ ಪಾಳೆಯದ ಹಂಡೆಗೂ ಅವನೇ ಬೇಕು.

ವರ್ಷದಲ್ಲಿ ಒಂದು ದಿನ ಮಾತ್ರ ಈ ಎರಡು ಸದ್ದೂ ಇರುತ್ತಿರಲಿಲ್ಲ. ಅದು ಶುಭ ಶುಕ್ರವಾರ, ಏಸುವನ್ನು ಶಿಲುಬೆಗೆ ಏರಿಸಿದ ದಿನ. ಅಂದು ಚರ್ಚಿನಲ್ಲಿ ಗಂಟೆಯ ಹಗ್ಗವನ್ನು ಮೇಲೆ ಕಟ್ಟಿಡುತ್ತಿದ್ದರು. ಏಸುವಿನ ಕೈಗೆ ಮೊಳೆ ಹೊಡೆದ ದಿನವಾದ್ದರಿಂದ ಯಾವ ಕಲಾಯಿಗಾರನೂ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಸುತ್ತಲಿನ ಕಲಾಯಿಗಾರರೆಲ್ಲ ಮೂರು ದಿನದ ದಾರಿ ನಡೆದು, ಕಡಲ ದಡದ ಒಂದು ಪುಣ್ಯ ಬಾವಿಯ ಬಳಿ ಆ ದಿನ ಸೇರುತ್ತಿದ್ದರು. ನಮ್ಮ ಯುಗಾದಿಯ ಹಾಗೆ ಆ ಶುಕ್ರವಾರಕ್ಕೂ ಗೊತ್ತಾದ ತಾರೀಖಿಲ್ಲ. ಒಂದು ವರ್ಷ ಮಾರ್ಚಿನಲ್ಲಿ ಬರುತ್ತದೆ, ಇನ್ನೊಂದು ವರ್ಷ ಏಪ್ರಿಲಿನಲ್ಲಿ. ಇದೆಲ್ಲ ಮೇಷ್ಟರ ಅಡ್ಡಮಾತು ಎಂದು ನಿನಗೆ ಅನ್ನಿಸಬಹುದು. ಪಾಠ ಹೇಳುವ ಚಟ ಇನ್ನೂ ಹೋಗಿಲ್ಲ. ಕತೆಗೆ ಬರೋಣ.

ಒಂದು ಮಧ್ಯಾಹ್ನ ಒಬ್ಬ ಅಧಿಕಾರಿ ಸಿಪಾಯಿಗಳನ್ನು ಕರೆದುಕೊಂಡು ಗುಡ್ಡ ಹತ್ತಿ ಬಂದನು. ಹುಲ್ಲು ಹೊದಿಸಿದ ಮಾಡಿಗೆ ಬೆಂಕಿ ಇಟ್ಟರು. ಒಳಗಿದ್ದವರು ಕೈ ಮೇಲೆತ್ತಿ ಹೊರಗೆ ಬಂದರು, ಆದರೂ ಕೊಂದರು ಎಂದು ಒಂದು ಕಡೆಯವರು ಹೇಳಿದರು. ಬಿಳಿ ಬಟ್ಟೆ ತೋರಿಸಿ, ನಾವು ಹತ್ತಿರ ಹೋದಾಗ ಗುಂಡು ಹಾರಿಸಿದರು ಎಂದು ಇನ್ನೊಂದು ಕಡೆಯವರು ಹೇಳಿದರು. ಅದು ಇವತ್ತಿಗೂ ತೀರ್ಮಾನವಾಗಿಲ್ಲ. ಸತ್ತವರು ಹನ್ನೊಂದು ಎಂಬುದೊಂದು ತೀರ್ಮಾನವಾಗಿದೆ.

ಕಾವಲು ನಿಂತಿದ್ದವನು ಪೊದೆಗಳ ನಡುವೆ ತೆವಳಿಕೊಂಡು ಹೋಗಿ ಬದುಕಿದನು. ಅವನು ಅದೇ ಹಳ್ಳಿಯ ಒಬ್ಬ ರೈತನ ಮಗ. ಹಡಗು ಹತ್ತಿ ದೂರದ ದೇಶಕ್ಕೆ ಹೋದನು.

ಹಳ್ಳಿಯಲ್ಲಿ ಅಂದಿನಿಂದ ಬದುಕು ಕೆಟ್ಟಿತು. ನಲವತ್ತು ಮನೆಯವರು ಒಬ್ಬರನ್ನೊಬ್ಬರು ನೋಡುವ ನೋಟವೇ ಬೇರೆಯಾಯಿತು. ಅಂದು ರೊಟ್ಟಿಯ ಸರದಿ ಯಾರದ್ದು, ಹಿಂದಿನ ವಾರ ಪೇಟೆಗೆ ಹೋದವರು ಯಾರು, ಯಾರ ಮನೆಯ ಹುಡುಗಿ ಸಿಪಾಯಿಯೊಬ್ಬನಿಗೆ ನೀರು ಕೊಟ್ಟಳು ಎಂದು ಲೆಕ್ಕ ಹಾಕಿದರು. ನಿಶ್ಚಯವಾದ ಒಂದು ಮದುವೆ ಮುರಿಯಿತು. ಸತ್ತವನೊಬ್ಬನ ತಾಯಿ, ನೆರೆಯವಳು ಕೊಟ್ಟ ಹಾಲನ್ನು ಅವಳ ಎದುರಿಗೇ ಚೆಲ್ಲಿದಳು. ನಿನ್ನ ಹಾಲನ್ನು ಪಾಳೆಯಕ್ಕೆ ಕಳಿಸು, ಅಲ್ಲಿ ನಿನ್ನ ಗುರುತು ಚೆನ್ನಾಗಿದೆ ಎಂದಳು. ಹೀಗೆ ಮೂರು ವರ್ಷ ಕಳೆಯಿತು.

ಆ ಹೊತ್ತಿಗೆ ಯುದ್ಧ ಮುಗಿದು, ಆಳುವವರು ಹೊರಟುಹೋಗಿದ್ದರು. ಕಾವಲುಗಾರನು ಹಿಂತಿರುಗಿ ಬಂದನು. ತಾಯಂದಿರು ಬಂದು ಅವನ ಮುಖ ನೋಡಿದರು. ಒಬ್ಬರೂ ಏನನ್ನೂ ಕೇಳಲಿಲ್ಲ. ಕೇಳದಿದ್ದುದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಏಳನೆಯ ದಿನ ಅವನಾಗಿಯೇ ಹೇಳಿದನು. ನಾನು ಮೈಮರೆತಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯಿತು. ಟೋಪಿ ತೆಗೆದು ನಿಂತೆ. ಆಗ ಎದುರು ದಿಬ್ಬದ ಮೇಲೆ ಕಲಾಯಿಗಾರ ಕಂಡ. ಗಂಟೆ ಹೊಡೆಯುತ್ತಿದ್ದರೂ ಅವನು ಟೋಪಿ ತೆಗೆದಿರಲಿಲ್ಲ. ಹೊಸ ತಗಡಿನ ತಟ್ಟೆಯೊಂದನ್ನು ಬಿಸಿಲಿಗೆ ಹಿಡಿದು ಮಿಂಚಿಸುತ್ತಿದ್ದ. ಗಂಟೆ ನಿಲ್ಲುವುದರೊಳಗೆ ಸಿಪಾಯಿಗಳು ಬಂದರು.

ಪತ್ರಿಕೆಯೊಂದು ಇದನ್ನು ಅಚ್ಚು ಹಾಕಿತು. ಆ ಪತ್ರಿಕೆ ಕಡಲು ದಾಟಿ, ಕೆಲಸ ಬಿಟ್ಟು ತನ್ನ ಮನೆಯಲ್ಲಿದ್ದ ಆ ಅಧಿಕಾರಿಯ ಕೈಗೂ ಸೇರಿತು. ಕೊಲೆಯಾದ ದಿನ ಅವನು ಬರೆದುಕೊಟ್ಟಿದ್ದ ವರದಿ ಎರಡೇ ಸಾಲಿನದು. ದಾರಿ ತಪ್ಪಿತು, ಹೊಗೆ ಕಂಡಿತು, ಅಷ್ಟೇ. ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಈಗ ಅವನು ಪತ್ರಿಕೆಗೆ ಎರಡು ಪುಟ ಬರೆದನು. ಕೈ ಎತ್ತಿದವರನ್ನು ಕೊಂದೆವು ಎಂಬುದು ಶುದ್ಧ ಸುಳ್ಳು ಎಂದನು. ಆದರೆ ಕಲಾಯಿಗಾರನ ಮಾತು ನಿಜ, ಅವನನ್ನು ಗೊತ್ತುಮಾಡಿದವನು ನಾನೇ, ಗಂಟೆ ಹೊಡೆಯುವಾಗ ತಗಡು ಮಿಂಚಿಸು ಎಂದು ಹೇಳಿಕೊಟ್ಟವನೂ ನಾನೇ ಎಂದನು.

ಬೇರೆ ಜಿಲ್ಲೆಯಿಂದ ಮೂವರು ನಾಯಕರು ನ್ಯಾಯ ಹೇಳಲು ಬಂದರು. ಅವರ ಮುಂದೆ ಎರಡು ಹೇಳಿಕೆಗಳಿದ್ದವು. ಒಂದು ತಮ್ಮವನದ್ದು, ಒಂದು ಹಗೆಯದ್ದು. ಎಷ್ಟು ಸಿಪಾಯಿ, ಎಷ್ಟು ಗುಂಡು, ಮೊದಲು ಹೊಡೆದವರು ಯಾರು, ಯಾವುದೂ ಹೊಂದಲಿಲ್ಲ. ಗಂಟೆ ಹೊಂದಿತು. ತಗಡು ಹೊಂದಿತು. ನೋಡಪ್ಪ, ನೀನು ಈಗ ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡರು. ನಿನ್ನ ಉತ್ತರವನ್ನೇ ಕೊಟ್ಟುಕೊಂಡರು.

ದನದ ಕೊಟ್ಟಿಗೆಯೊಂದರಲ್ಲಿ ಕಲಾಯಿಗಾರನನ್ನು ನಿಲ್ಲಿಸಿದರು. ಬಾಗಿಲಲ್ಲಿ ಹಳ್ಳಿಯ ಜನ ಸೇರಿದ್ದರು. ಚರ್ಚಿನ ಗಂಟೆ ಹೊಡೆಯುವ ಮುದುಕನೂ ಅವರಲ್ಲಿದ್ದನು. ಪಾಳು ಮನೆಯ ಬೂದಿಯಲ್ಲಿ ಸಿಕ್ಕಿದ ಕೆಟಲನ್ನು ತೋರಿಸಿ, ಈ ತೇಪೆ ನಿನ್ನದೇ ಅಲ್ಲವೇ, ಅವರು ಅಲ್ಲಿದ್ದುದು ನಿನಗೆ ಗೊತ್ತಿತ್ತಲ್ಲವೇ ಎಂದು ಕೇಳಿದರು. ತೇಪೆ ನನ್ನದೇ, ಹಳ್ಳಿಯವರು ತಂದರು, ಹಾಕಿಕೊಟ್ಟೆ, ಅದರ ನೀರನ್ನು ಯಾರು ಕುಡಿಯುತ್ತಾರೆ ಎಂದು ಕೆಟಲು ನನಗೆ ಹೇಳಲಿಲ್ಲ ಎಂದನು.

“ಮಾರ್ಚ್ ಇಪ್ಪತ್ತೈದರಂದು ಎಲ್ಲಿದ್ದೆ?” ಎಂದು ಹಿರಿಯ ನಾಯಕನು ಕೇಳಿದನು.

“ತಾರೀಖು ಓದುಬಲ್ಲವರ ಸೊತ್ತು, ಸ್ವಾಮಿ. ನನ್ನ ಮದುವೆಯ ತಾರೀಖೇ ನನಗೆ ಗೊತ್ತಿಲ್ಲ. ಹೆಂಡತಿಗೆ ಗೊತ್ತು, ಪ್ರತಿ ವರ್ಷ ಅಂದು ಕೂತು ಅಳುತ್ತಾಳೆ.” ಬಾಗಿಲಲ್ಲಿದ್ದವರು ನಕ್ಕರು. ನಾಯಕರಲ್ಲಿಯೂ ಒಬ್ಬನು ನಕ್ಕನು. ಕಲಾಯಿಗಾರನು ಮುಂದುವರಿಸಿದನು: “ನನ್ನದು ಹಬ್ಬಗಳ ಲೆಕ್ಕ. ಅಂದು ಯಾವ ಹಬ್ಬ, ಯಾವ ವ್ರತ ಎಂದು ಹೇಳಿ. ಎಲ್ಲಿದ್ದೆ ಎಂದು ಹೇಳುತ್ತೇನೆ. ಸಾಕ್ಷಿ ಬೇಕೆಂದರೆ ಸಾಕ್ಷಿಯನ್ನೂ ತರುತ್ತೇನೆ.”

ನಾಯಕರು ಬೇರೆ ಜಿಲ್ಲೆಯವರು. ಅವರಿಗೆ ತಾರೀಖು ಗೊತ್ತಿತ್ತು. ಮೂರು ವರ್ಷದ ಹಿಂದಿನ ಪಂಚಾಂಗ ಅವರ ಬಳಿ ಇರಲಿಲ್ಲ. ಹಬ್ಬದ ಮಾತು ಇಲ್ಲಿ ಬೇಡ, ಹನ್ನೊಂದು ಜನ ಸತ್ತ ದಿನ, ಮಧ್ಯಾಹ್ನದ ಗಂಟೆ ಹೊಡೆದಾಗ ಎಲ್ಲಿದ್ದೆ, ಅಷ್ಟನ್ನು ಹೇಳು ಎಂದರು. ಆ ಸುದ್ದಿ ನನಗೆ ಎಷ್ಟೋ ದಿನದ ಮೇಲೆ ದಾರಿಯಲ್ಲಿ ಸಿಕ್ಕಿತು, ಆ ಗಂಟೆಯನ್ನು ನಾನು ಕೇಳಲಿಲ್ಲ ಎಂದನು ಕಲಾಯಿಗಾರ.

“ಈ ಊರೆಲ್ಲ ಕೇಳಿದೆ,” ಎಂದನು ಹಿರಿಯ ನಾಯಕ.

ಕಲಾಯಿಗಾರನು ತಿರುಗಿ ಬಾಗಿಲ ಕಡೆಗೆ ನೋಡಿದನು. ಅಲ್ಲಿದ್ದವರ ಮನೆಯ ಹಂಡೆ, ಹಾಲಿನ ಡಬ್ಬಿ, ಎಲ್ಲಕ್ಕೂ ಅವನ ಕೈ ತಾಗಿತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದನು. ಯಾರಾದರೂ ಆ ದಿನದ ಹೆಸರು ಹೇಳುವರೆಂದು ಕಾದನು. ಯಾರೂ ಹೇಳಲಿಲ್ಲ. ಗಂಟೆ ಹೊಡೆಯುವ ಮುದುಕನನ್ನು ನಾಯಕರು ಕೇಳಲಿಲ್ಲ. ಅವನೂ ಬಾಯಿ ತೆರೆಯಲಿಲ್ಲ.

“ಊರು ಕೇಳಿದ್ದರೆ ಹೊಡೆದಿರಬೇಕು,” ಎಂದನು ಕಲಾಯಿಗಾರ. “ನನಗೆ ರೊಟ್ಟಿ ಕೊಟ್ಟ ಊರು. ಅದು ಸುಳ್ಳಾಡುತ್ತದೆ ಎಂದು ನಾನು ಹೇಳಲಾರೆ.”

ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು. ಹೊತ್ತು ಮುಳುಗುವ ಮೊದಲು ಸೇತುವೆಯ ಬಳಿ ಅವನಿಗೆ ಗುಂಡು ಹೊಡೆದರು. ಸುಳಿವುಗಾರ ಎಂದು ಬರೆದ ಹಲಗೆಯನ್ನು ಕೊರಳಿಗೆ ಕಟ್ಟಿದರು. ಕಟ್ಟಿದ ತಂತಿ ಅವನ ಚೀಲದಿಂದಲೇ ತೆಗೆದದ್ದು. ಹೆಂಡತಿ ಹೆಣವನ್ನು ಕತ್ತೆಯ ಮೇಲೆ ಹಾಕಿಕೊಂಡು ಕಡಲ ಕಡೆಗೆ ಹೊರಟುಹೋದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಹಳ್ಳಿಗೆ ನೆಮ್ಮದಿ ಬಂತು. ಸುಳಿವು ಕೊಟ್ಟವನು ನಲವತ್ತು ಮನೆಯವರಲ್ಲಿ ಒಬ್ಬನಲ್ಲ ಎಂದಾಯಿತು. ಮುರಿದ ಮದುವೆ ಕೂಡಿತು. ಹಾಲು ಚೆಲ್ಲಿದವಳು ನೆರೆಯವಳ ಮನೆಗೆ ತಾನೇ ಹೋಗಿ ಕುಳಿತಳು. ಹನ್ನೊಂದು ಜನರ ಹೆಸರಿನಲ್ಲಿ ಕಲ್ಲು ನಿಲ್ಲಿಸಿದರು. ಪ್ರತಿ ವರ್ಷ ಮಾರ್ಚ್ ಇಪ್ಪತ್ತೈದರ ಮಧ್ಯಾಹ್ನ ಗಂಟೆ ಹೊಡೆಯುವಾಗ ಆ ಕಲ್ಲಿನ ಮುಂದೆ ಟೋಪಿ ತೆಗೆದು ನಿಲ್ಲುತ್ತಾರೆ. ಹೀಗೆ ವರ್ಷವರ್ಷವೂ ನಿಂತು, ಅಂದಿನ ಗಂಟೆಯನ್ನೂ ತಾವು ಕೇಳಿದ್ದೆವು ಎಂದು ಹೇಳುವವರು ಹಳ್ಳಿಯಲ್ಲಿ ಬಹಳ ಜನರಾದರು. ಗಂಟೆ ಹೊಡೆಯುವ ಮುದುಕನೊಬ್ಬನು ಮಾತ್ರ ಆ ಕೆಲಸವನ್ನು ಬಿಟ್ಟನು. ಕಾರಣ ಹೇಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ಕಾವಲುಗಾರನು ಗಂಟೆ ಕೇಳಿದ. ಅಧಿಕಾರಿ ಗಂಟೆ ಕೇಳಿದ. ಮೊದಲ ವರದಿಯಲ್ಲಿ ಹೇಳದಿದ್ದರೆ, ತನ್ನ ಆಳನ್ನು ಕಾಪಾಡಲು ಮುಚ್ಚಿಟ್ಟಿರಬೇಕು. ಇಡೀ ಊರು ಎದುರಿಗೆ ನಿಂತಿತ್ತು, ಇಲ್ಲ ಎನ್ನಲಿಲ್ಲ. ಕೊನೆಗೆ ಅವನೇ ಒಪ್ಪಿದ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಇನ್ನೇನು ಬೇಕು?”

ಗುರುಗಳು ಮೊಹರನ್ನು ತೆಗೆದು ಶಿಷ್ಯನ ಕಾಗದದ ಪಕ್ಕದಲ್ಲಿ ಇಟ್ಟರು. “ಒತ್ತುವುದಾದರೆ ನೀನೇ ಒತ್ತು. ಎಲ್ಲವನ್ನೂ ಗಮನವಿಟ್ಟು ಕೇಳಿದೆ, ಸಂತೋಷ. ಆ ಕಲಾಯಿಗಾರನು ನಾಯಕರನ್ನು ಕೇಳಿದ್ದೊಂದನ್ನು ಮಾತ್ರ ನೀನು ನನ್ನನ್ನು ಕೇಳಲಿಲ್ಲ.”

ಶಿಷ್ಯನ ಕೈ ಮೊಹರಿನವರೆಗೆ ಹೋಗಿ ನಿಂತಿತು. ನೀರುಗಂಟಿ ಕೆಂಚಪ್ಪನು ಬೆಳಗಿನಿಂದ ಮಠದ ಕಟ್ಟೆಯ ಮೇಲೆ ಕುಳಿತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

“ಅದು ಯಾವ ದಿನ, ಗುರುಗಳೇ?”

“ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಇಸವಿ, ಮಾರ್ಚ್ ಇಪ್ಪತ್ತೈದು, ಶುಭ ಶುಕ್ರವಾರ.”