ಕಲ್ಲು ಇಳಿಯಿತು

"ಗುರುಗಳೇ," ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಪ್ರಸನ್ನ ಕೇಳಿದ, "ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡ ಕಡೆ ನಾಳದ ಗೋಡೆ ಎಷ್ಟು ಬಾತಿದೆ ಎಂದು ಸ್ಕ್ಯಾನ್‌ನಲ್ಲಿ ಅಳೆದರೆ, ಮಾತ್ರೆಗೆ ಆ ಕಲ್ಲು ಇಳಿಯುತ್ತದೋ ಇಲ್ಲವೋ ಎಂದು ಮೊದಲೇ ಅಂದಾಜು ಮಾಡಬಹುದಂತೆ. ಹಾಗಿರುವಾಗ ರೋಗಿಯನ್ನು ನೂರೆಂಟು ಪ್ರಶ್ನೆ ಕೇಳುತ್ತ ಕೂರುವುದೇಕೆ?"

ಹಿರಿಯ ವೈದ್ಯರಾದ ಮುರಿಗೆಪ್ಪನವರು ಕೈಲಿದ್ದ ಕಾಗದ ಬದಿಗಿಟ್ಟರು. ಪ್ರಶ್ನೆ ಕೇಳುವುದು ನಿನಗೆ ಅಷ್ಟು ಬೇಜಾರಾದರೆ ಇವತ್ತು ನಾನೇ ಹೇಳುತ್ತೇನೆ, ಕೂತುಕೊಂಡು ಕೇಳಿಸಿಕೋ ಎಂದು ಕತೆ ಶುರು ಮಾಡಿದರು.

ಒಬ್ಬ ನೇಕಾರನಿದ್ದ. ಅವನಿಗೆ ಇದ್ದದ್ದು ಒಂದೇ ಮೂತ್ರಪಿಂಡ. ಇನ್ನೊಂದನ್ನು ಒಂಬತ್ತು ವರ್ಷದ ಹಿಂದೆ ತನ್ನ ತಂಗಿಗೆ ಕೊಟ್ಟಿದ್ದ. ಮೊದಮೊದಲು ನೆಂಟರಿಷ್ಟರು ಆಕೆಯ ಎದುರಿಗೇ ಆ ಮಾತೆತ್ತಿ ಅಣ್ಣನನ್ನು ಹೊಗಳುತ್ತಿದ್ದರು. ತಂಗಿ ತಲೆ ತಗ್ಗಿಸಿ ಕೂರುತ್ತಿದ್ದಳು. ಅದನ್ನು ನೋಡಲಾರದೆ ನೇಕಾರ ಆ ಮಾತಿಗೇ ಮಂಗಳ ಹಾಡಿದ. ಆಮೇಲೆ ತಾನಾಗಿ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದ.

ಒಂದು ದಿನ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಾಗ ಬೆನ್ನಿನಿಂದ ತೊಡೆಯ ಸಂದಿಯವರೆಗೆ ನೋವು ಹೊಡೆಯಿತು. ಹಲ್ಲು ಕಚ್ಚಿಕೊಂಡು ಪಟ್ಟಣದ ವೈದ್ಯನ ಬಳಿಗೆ ಹೋದ. ಆ ವೈದ್ಯ ಸಾಮಾನ್ಯನಲ್ಲ. ಕಲ್ಲಿನ ಸ್ಕ್ಯಾನ್ ಓದುವುದರಲ್ಲಿ ಅವನದು ಎತ್ತಿದ ಕೈ.

ನೇಕಾರನ ಹೊಟ್ಟೆಯ ಪೂರ್ತಿ ಚಿತ್ರ ಪರದೆಯ ಮೇಲೆ ಬಂತು. ವೈದ್ಯ ಕಲ್ಲನ್ನು ಕಂಡೊಡನೆ ಅದನ್ನೇ ಹಿಗ್ಗಿಸಿದ. ಅದು ಹಿಗ್ಗಿದಂತೆಲ್ಲ ಉಳಿದ ಹೊಟ್ಟೆ ಪರದೆಯಿಂದಾಚೆ ಸರಿಯಿತು. ಕಲ್ಲು ಐದು ಮಿಲಿಮೀಟರ್. ನಾಳದ ಗೋಡೆ ತೆಳ್ಳಗಿದೆ, ಬಾವಿಲ್ಲ. ಇದು ಮಾತ್ರೆಗೇ ಇಳಿಯುವ ಕಲ್ಲು ಎಂದು ನಿರ್ಧರಿಸಿದ. ಅಂಗಿ ಎತ್ತಿಸಿ ಹೊಟ್ಟೆ ಮುಟ್ಟಿ ನೋಡಿದ್ದರೆ ಹಳೆಯ ಹೊಲಿಗೆಯ ಗುರುತು ಸಿಗುತ್ತಿತ್ತು. ಮುಟ್ಟಲಿಲ್ಲ. ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಕೇಳಲಿಲ್ಲ. ರಕ್ತ ಪರೀಕ್ಷೆಯನ್ನೂ ಬರೆಯಲಿಲ್ಲ. ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ಅದೆಲ್ಲ ಯಾಕೆ ಎಂದುಕೊಂಡ, ಥೇಟ್ ನಿನ್ನ ಹಾಗೆ.

ನೋವಿಗೊಂದು ಮಾತ್ರೆ, ನಾಳ ಸಡಿಲವಾಗಲು ಒಂದು ಮಾತ್ರೆ ಬರೆದುಕೊಟ್ಟ. ಚೆನ್ನಾಗಿ ನೀರು ಕುಡಿ, ಮೂತ್ರವನ್ನು ಬಟ್ಟೆಯಲ್ಲಿ ಸೋಸಿ ನೋಡುತ್ತಿರು, ವಾರದೊಳಗೆ ಕಲ್ಲು ಬೀಳುತ್ತದೆ ಎಂದು ಹೇಳಿ ಕಳಿಸಿದ.

ನೇಕಾರ ಹೇಳಿದಂತೆಯೇ ನಡೆದುಕೊಂಡ. ತಂಬಿಗೆಗಟ್ಟಲೆ ನೀರು ಕುಡಿದ. ಬಟ್ಟೆ ಹಿಡಿದು ಕಾದ. ಮೂತ್ರ ಮಾತ್ರ ಒಂದು ಹನಿಯೂ ಬರಲಿಲ್ಲ. ಎರಡು ಮೂತ್ರಪಿಂಡ ಇದ್ದವರಿಗೆ ಒಂದರ ದಾರಿ ಮುಚ್ಚಿದರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಇವನಿಗೆ ಇದ್ದದ್ದೇ ಒಂದು ದಾರಿ, ಅದಕ್ಕೆ ಕಲ್ಲು ಅಡ್ಡ ಕೂತಿತ್ತು. ಮಾತ್ರೆಯಿಂದ ನೋವು ತಗ್ಗಿದ್ದರಿಂದ, ಕಲ್ಲು ಬೀಳುವ ಮುಂಚೆ ಹೀಗೇ ಇರುತ್ತದೇನೋ ಎಂದುಕೊಂಡ. ವೈದ್ಯನ ಮಾತಿನ ಮೇಲೆ ಭರವಸೆಯಿಟ್ಟು ನಾಲ್ಕು ದಿನ ತಳ್ಳಿದ. ಮುಖ ಊದಿಕೊಂಡಿತು. ಮಾತು ತೊದಲಿತು. ಸುದ್ದಿ ಕೇಳಿ ಓಡಿಬಂದ ತಂಗಿ ಅವನನ್ನು ಅದೇ ವೈದ್ಯನ ಬಳಿಗೆ ಕರೆತಂದಳು.

ಮತ್ತೆ ಸ್ಕ್ಯಾನ್ ಮಾಡಿದರು. ಕಲ್ಲು ನಾಳ ದಾಟಿ ಮೂತ್ರಕೋಶಕ್ಕೆ ಬಿದ್ದಿತ್ತು. ತನ್ನ ಮಾತು ನಿಜವಾಯಿತೆಂದು ವೈದ್ಯನಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಹಾಗಾದರೆ ಈ ಮನುಷ್ಯ ಹೀಗೇಕಿದ್ದಾನೆ ಎಂದು ಚಿತ್ರವನ್ನು ಮೊದಲ ಸಲ ಪೂರ್ತಿಯಾಗಿ ನೋಡಿದ.

"ಇವರ ಎಡಗಡೆಯ ಮೂತ್ರಪಿಂಡ ಎಲ್ಲಮ್ಮಾ?" ಎಂದು ಕೇಳಿದ.

ತಂಗಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನನ್ನ ಹತ್ತಿರ ಇದೆ, ಡಾಕ್ಟ್ರೇ," ಎಂದಳು.

ಕಲ್ಲು ಬಿದ್ದು ದಾರಿ ತೆರೆಯುವಷ್ಟರಲ್ಲಿ, ನಾಲ್ಕು ದಿನ ಹೊರಹೋಗದೆ ನಿಂತ ಕಶ್ಮಲದಿಂದ ಅವನ ರಕ್ತಕ್ಕೆ ವಿಷವೇರಿತ್ತು. ಡಯಾಲಿಸಿಸ್‌ಗೆ ಒಯ್ಯುತ್ತಿರುವಾಗಲೇ ನೇಕಾರನ ಹೃದಯ ನಿಂತುಹೋಯಿತು. ಒಂದು ಮಾತು ಕೇಳಿದ್ದರೆ ಉಳಿಯುತ್ತಿದ್ದ ಜೀವ ಅದು.

ಗುರುಗಳು ಕತೆ ನಿಲ್ಲಿಸಿದರು. ಪ್ರಸನ್ನ ತಡವರಿಸುತ್ತ ಕೇಳಿದ: "ಆದರೆ ಗುರುಗಳೇ, ಆ ವೈದ್ಯ ಚಿತ್ರ ಓದಿದ್ದು ಸರಿಯಾಗಿಯೇ ಇತ್ತಲ್ಲ?"

"ಕಲ್ಲು ಜೋಳದ ಕಾಳಿನಷ್ಟಿತ್ತಯ್ಯಾ," ಎಂದರು ಗುರುಗಳು, "ಚಿತ್ರದಲ್ಲಿ ಉಳಿದದ್ದೆಲ್ಲ ಆ ಮನುಷ್ಯನೇ ಆಗಿದ್ದ."