ನಿಂಬೆವ್ವನ ಬೆನ್ನು

"ಗುರುಗಳೇ, ಈ ನೋವು ನನ್ನನ್ನು ಪೂರ್ತಿ ಬಿಟ್ಟುಹೋಗುವುದು ಯಾವಾಗ?" ಎಂದು ಚನ್ನವೀರ ಕೇಳಿದ.

ಅವನು ಮಠದ ಪಡಸಾಲೆಯಲ್ಲಿ ಮೊಣಕಾಲು ಮಡಚಿ ಅಂಗಾತ ಮಲಗಿದ್ದ. ಆ ವರ್ಷ ಅವನ ಬೆನ್ನು ಹಿಡಿದುಕೊಂಡದ್ದು ಅದು ನಾಲ್ಕನೆಯ ಸಲ. ಅವನ ಕೀಲುಗಳು ಹುಟ್ಟಿನಿಂದಲೇ ಸಡಿಲವೆಂದು ವೈದ್ಯರು ಹೇಳಿದ್ದರು. ಪೂರ್ತಿ ವಾಸಿಯಾಗುವವರೆಗೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬಾರದೆಂದು ಅವನು ನಿಶ್ಚಯಿಸಿದ್ದ. ಗುರುಗಳು ಅವನ ಪಕ್ಕದಲ್ಲಿ ಕುಳಿತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ನಿಂಬೆವ್ವನೆಂಬ ಸೂಲಗಿತ್ತಿ ಇದ್ದಳು. ಸುತ್ತಲಿನ ಹಳ್ಳಿಗಳಿಗೆಲ್ಲ ಹೆರಿಗೆ ಮಾಡಿಸಲು ಅವಳೊಬ್ಬಳೇ. ಚಿಕ್ಕವಳಿದ್ದಾಗ ಅವಳ ಮೈ ಹೇಗೆ ಬೇಕಾದರೂ ಬಾಗುತ್ತಿತ್ತು. ಹೆಬ್ಬೆರಳನ್ನು ಮಡಚಿ ಮುಂಗೈಗೆ ತಾಗಿಸುತ್ತಿದ್ದಳು. ನಿಂತಲ್ಲೇ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರುತ್ತಿದ್ದಳು. ನೋಡಿದವರು ಮೆಚ್ಚುತ್ತಿದ್ದರು. ಇಂಥ ಮೈಯವಳು ಎಷ್ಟು ಹೊತ್ತಾದರೂ ಕುಕ್ಕರುಗಾಲಲ್ಲಿ ಕೂರಬಲ್ಲಳೆಂದು ಸೂಲಗಿತ್ತಿಯಾಗಿದ್ದ ಅತ್ತೆ ಅವಳಿಗೆ ತನ್ನ ಕೆಲಸ ಕಲಿಸಿದಳು.

ಮೂವತ್ತೈದು ದಾಟಿದ ಮೇಲೆ ಅವಳ ಬೆನ್ನು ಹಿಡಿಯತೊಡಗಿತು. ಮೊದಲ ಸಲ ಬಿಂದಿಗೆ ಎತ್ತುವಾಗ ಹಿಡಿಯಿತು. ಆಮೇಲೆ ಕಾರಣವೇ ಬೇಕಾಗಲಿಲ್ಲ. ಸೀನಿದರೂ ಹಿಡಿಯುತ್ತಿತ್ತು. ಸೊಂಟದ ಎರಡೂ ಬದಿಯ ಮಾಂಸ ಗಂಟುಕಟ್ಟಿ, ಮಗ್ಗುಲು ಬದಲಿಸುವುದೂ ಆಗುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಮಲಗಿ ಏಳುತ್ತಿದ್ದಳು. ಎರಡು ತಿಂಗಳಿಗೆ ಮತ್ತೆ ಬರುತ್ತಿತ್ತು. ಪಕ್ಕದೂರಿನಲ್ಲಿ ಎಲುಬು ಕೂಡಿಸುವವನೊಬ್ಬನಿದ್ದ. ಅವನು ಕಾಲು ಹಿಡಿದು ಜಗ್ಗಿ, ಸೊಂಟ ತಿರುಚಿ ಲಟಕ್ಕೆನ್ನಿಸುತ್ತಿದ್ದ. ಎರಡು ದಿನ ಹಗುರಾಗುತ್ತಿತ್ತು. ಮೂರನೆಯ ದಿನ ಮೊದಲಿಗಿಂತ ಬಿಗಿಯಾಗುತ್ತಿತ್ತು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಬೆನ್ನು ಗಟ್ಟಿಯಿಲ್ಲದ ಸೂಲಗಿತ್ತಿಯನ್ನು ಯಾರು ನಂಬುತ್ತಾರೆಂಬ ಅಂಜಿಕೆ. ಕರೆಯಲು ಬಂದವರಿಗೆ ಜ್ವರವೆಂದೋ ನೆಂಟರು ಬಂದಿದ್ದಾರೆಂದೋ ಹೇಳುತ್ತಿದ್ದಳು. ಒಂದು ಸಲ ಅವಳು ಒಳಗೆ ಮಲಗಿದ್ದಾಗ ಒಬ್ಬ ರೈತ ಓಡುತ್ತ ಬಂದ. ತವರಿಗೆ ಹೋಗಿದ್ದಾಳೆಂದು ಗಂಡನಿಂದ ಹೇಳಿಸಿದಳು. ತಿಳಿದವರು ಯಾರೂ ಇಲ್ಲದೆ ಆ ಹೆರಿಗೆ ಆಯಿತು. ತಾಯಿ ಬದುಕಿದಳು. ಕೂಸು ಉಳಿಯಲಿಲ್ಲ.

ತಾನು ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ನಿಂಬೆವ್ವನಿಗೂ ಗೊತ್ತಿರಲಿಲ್ಲ. ಆದರೆ ಬೆನ್ನು ಸರಿಹೋದ ಮೇಲೂ ಆ ಮನೆಯ ಮುಂದೆ ಹಾದುಹೋಗಲು ಅವಳಿಂದ ಆಗಲಿಲ್ಲ. ಬಳಸು ದಾರಿ ಹಿಡಿಯುತ್ತಿದ್ದಳು.

ಆ ಊರಿನ ಗರಡಿಯಲ್ಲಿ ಇಮಾಮಸಾಬನೆಂಬ ವಯಸ್ಸಾದ ಉಸ್ತಾದನಿದ್ದ. ಪೈಲವಾನರ ಉಳುಕು ನೋವುಗಳನ್ನು ನೋಡುವವನೂ ಅವನೇ. ನಿಂಬೆವ್ವ ಅವನ ಮನೆಗೆ ಹೋಗಿ, ಅವನ ಹೆಂಡತಿಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಸುಳ್ಳು ಹೇಳಿಸಿದ್ದನ್ನೂ ಹೇಳಿದಳು. ಉಸ್ತಾದ ಅವಳಿಗೆ ಕೈ ಚಾಚಲು ಹೇಳಿದ. ಮೊಣಕೈ ನೇರಕ್ಕೆ ನಿಲ್ಲದೆ ಇನ್ನೂ ಹಿಂದಕ್ಕೆ ಬಾಗಿತು.

"ಎಲುಬಿಗೆ ಎಲುಬು ಕಟ್ಟಿದ ನಾರು ನಿನಗ ಹುಟ್ಟಾ ಸಡಿಲ ಅದ," ಎಂದ ಅವನು. "ಅದು ಮಾಡೋ ಕೆಲಸ ಮಾಂಸ ಮಾಡಾಕತ್ತದ. ದಣಿದಾಗ, ನೀ ಬೀಳಬಾರದಂತ ಗಟ್ಟಿ ಹಿಡೀತದ. ಅದನ್ನ ಜಗ್ಗಿಸಬ್ಯಾಡ. ಅದಕ್ಕ ಬಲ ಕೊಡು."

ಮೈ ಬಾಗುತ್ತದೆಂದು ಕೊನೆಯವರೆಗೆ ಬಾಗಿಸಬಾರದು, ಅದಕ್ಕೂ ಮೊದಲೇ ನಿಲ್ಲಿಸಬೇಕು ಎಂದ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರಬಾರದು ಎಂದ. ಅಂಗಾತ ಮಲಗಿ, ಪಾದ ಊರಿ, ಸೊಂಟವನ್ನು ಮೆಲ್ಲಗೆ ಎತ್ತಿ ಐದು ಉಸಿರಿನಷ್ಟು ಹೊತ್ತು ಹಾಗೇ ಹಿಡಿದು ಇಳಿಸುವುದನ್ನು ಹೆಂಡತಿಯಿಂದ ಮಾಡಿಸಿ ತೋರಿಸಿದ. ದಿನಕ್ಕೆ ಸ್ವಲ್ಪವೇ ಮಾಡಬೇಕು, ಚೆನ್ನಾಗಿರುವ ದಿನವೂ ಹೆಚ್ಚು ಮಾಡಬಾರದು ಎಂದು ಎರಡು ಸಲ ಹೇಳಿದ. ಹಿಡಿದಾಗ ಬಿಸಿ ಉಸುಕಿನ ಗಂಟು ಇಟ್ಟುಕೊಂಡು, ಮೊಣಕಾಲು ಮಡಚಿ ಮಲಗಿ, ಉಸಿರನ್ನು ಉದ್ದಕ್ಕೆ ಬಿಡಬೇಕು. ನೋವು ತುಸು ಇಳಿದ ಕೂಡಲೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ನಿಂಬೆವ್ವ ನಾಲ್ಕು ತಿಂಗಳು ತಪ್ಪದೆ ಮಾಡಿದಳು. ಬೆನ್ನು ಹಿಡಿಯಲಿಲ್ಲ. ಇನ್ನು ಬರುವುದಿಲ್ಲವೆಂದುಕೊಂಡಳು. ಒಂದು ದಿನ ಒಲೆಯ ಮುಂದಿನಿಂದ ಏಳುವಾಗ ಹಿಡಿಯಿತು. ಇಷ್ಟು ದಿನ ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಅತ್ತಳು. ಉಸ್ತಾದನನ್ನು ಕರೆಸಿ, ಮತ್ತೆ ಬಂತಲ್ಲ ಎಂದು ಸಿಟ್ಟಿನಿಂದ ಕೇಳಿದಳು.

"ಬರೂದು ನಿಲ್ಲತದಂತ ನಾ ಹೇಳಿದ್ದಿಲ್ಲ," ಎಂದು ಉಸ್ತಾದ ಎದ್ದು ಹೋದ.

ಆ ದಿನವೆಲ್ಲ ಅವಳು ಅವನನ್ನು ಬೈದುಕೊಂಡಳು. ಮಾರನೆಯ ದಿನ ತಾನಾಗಿಯೇ ಮಗ್ಗುಲು ಬದಲಿಸಿದಳು. ಮೊದಲೆಲ್ಲ ಅದಕ್ಕೆ ಆರು ದಿನ ಹಿಡಿಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಗೋಡೆ ಹಿಡಿದು ನಿಂತಳು. ಅಷ್ಟರಲ್ಲಿ ಹಿಂದಿನ ಓಣಿಯ ಫಕೀರವ್ವನಿಗೆ ಬೇನೆ ಬಂದಿದೆಯೆಂದು ಅವಳ ಗಂಡ ಬಂದ. ಅದು ಚೊಚ್ಚಲ ಹೆರಿಗೆ. ನಿಂಬೆವ್ವನ ಗಂಡ ಏನು ಹೇಳಲೆಂದು ಅವಳ ಮುಖ ನೋಡಿದ. ಅವಳೇ ಬಾಗಿಲಿಗೆ ಬಂದಳು.

"ನನ್ನ ಬೆನ್ನು ಹಿಡಿದದ," ಎಂದಳು. "ಕುಕ್ಕರಗಾಲಿಲೆ ಕೂಡಾಕ ಆಗೂದಿಲ್ಲ. ಯಾರನ್ನೂ ಎತ್ತಾಕ ಆಗೂದಿಲ್ಲ. ಕಣ್ಣು, ಕೈ, ಬಾಯಿ ನೆಟ್ಟಗ ಅದಾವ. ಇಷ್ಟು ಸಾಕಂದ್ರ ಬರ್ತೀನಿ."

ಫಕೀರವ್ವನ ಗಂಡ ಓಣಿಯ ಕಡೆಗೊಮ್ಮೆ ತಿರುಗಿ ನೋಡಿದ. ಆಮೇಲೆ ಬಾ ಎಂದ.

ಅವಳು ನಿಧಾನವಾಗಿ ನಡೆದಳು. ದಾರಿಯಲ್ಲಿ ಎರಡು ಕಡೆ ಗೋಡೆಗೆ ಒರಗಿ ನಿಂತಳು. ಆ ಮನೆಯಲ್ಲಿಯೂ ಗೋಡೆಗೆ ಬೆನ್ನು ಕೊಟ್ಟು ನಿಂತೇ ಹೇಳಿಕೊಟ್ಟಳು. ಫಕೀರವ್ವನ ಅತ್ತೆ ಬಸುರಿಯನ್ನು ಹಿಡಿದುಕೊಂಡಳು. ನಾದಿನಿ ನಿಂಬೆವ್ವ ಹೇಳಿದಂತೆ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ತಲೆಯ ಬದಲು ಕಾಲು ಕಂಡಿತು. ನಾದಿನಿ ಕೈ ಹಿಂದೆಗೆದಳು.

ಅದು ಬಾಯಿಯಿಂದ ಹೇಳಿ ಮಾಡಿಸುವ ಕೆಲಸವಾಗಿರಲಿಲ್ಲ. ನಿಂಬೆವ್ವ ನೆಲದ ಮೇಲೆ ಕೌದಿ ಹಾಸಿಸಿದಳು. ಬಸುರಿಯ ಕಾಲ ಬಳಿ ಒಂದು ಮಗ್ಗುಲಾಗಿ ಮಲಗಿದಳು. ಮೊಣಕಾಲುಗಳ ನಡುವೆ ದಿಂಬು ಇಡಿಸಿಕೊಂಡು ಕೈ ಚಾಚಿದಳು. ನಡುವೆ ಎರಡು ಸಲ ಬೆನ್ನು ಸೆಳೆಯಿತು. ಮೊದಲ ಸಲ ಕೈ ನಿಲ್ಲಿಸಿ, ಉಸಿರನ್ನು ಉದ್ದಕ್ಕೆ ಬಿಟ್ಟು, ಅದು ಸಡಿಲಾಗುವವರೆಗೆ ಕಾದಳು. ಎರಡನೆಯ ಸಲ ಸಡಿಲಾಗಲಿಲ್ಲ. ಕಾಯಲು ಹೊತ್ತಿರಲಿಲ್ಲ. ಕೈ ನಿಲ್ಲಿಸಲಿಲ್ಲ. ಕೂಸಿನ ತೋಳು ಬಂದವು, ತಲೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅದು ಅತ್ತಿತು.

ನಿಂಬೆವ್ವನಿಗೆ ಏಳಲಾಗಲಿಲ್ಲ. ಬಾಣಂತಿಯ ಪಕ್ಕದಲ್ಲೇ ಅವಳಿಗೂ ಹಾಸಿದರು. ಅತ್ತೆ ಒಂದೇ ಪಾತ್ರೆಯಿಂದ ಇಬ್ಬರಿಗೂ ಗಂಜಿ ಬಡಿಸಿದಳು.

ಎದ್ದು ಓಡಾಡುವಂತಾದ ಮೇಲೆ ಅವಳು ಕೂಸು ಕಳೆದುಕೊಂಡವಳ ಮನೆಗೆ ಹೋದಳು. ಅಂದು ತಾನು ಮನೆಯಲ್ಲೇ ಇದ್ದೆನೆಂದು ಹೇಳಿದಳು. ಆ ಹೆಂಗಸು ಕೇಳಿಸಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ನಿಂಬೆವ್ವ ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದಳು.

ಆಮೇಲೆ ಅವಳು ಬೆನ್ನಿನ ಸಂಗತಿಯನ್ನು ಮುಚ್ಚಿಡಲಿಲ್ಲ. ಕರೆಯಲು ಬಂದವರು ಇವತ್ತು ಬೆನ್ನು ಹೇಗಿದೆ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದ ದಿನ ಮಣೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದಳು. ಇಲ್ಲದ ದಿನ ಫಕೀರವ್ವನ ನಾದಿನಿಯನ್ನು ಮುಂದೆ ಕೂರಿಸಿ ಹೇಳಿಕೊಡುತ್ತಿದ್ದಳು. ಹೀಗೆ ಕಲಿತವರು ಮೂವರು. ವರ್ಷಕ್ಕೊಮ್ಮೆಯೋ ಎರಡು ಸಲವೋ ಬೆನ್ನು ಹಿಡಿಯುತ್ತಿತ್ತು. ಮಲಗುತ್ತಿದ್ದಳು, ಏಳುತ್ತಿದ್ದಳು. ಎಪ್ಪತ್ತರವರೆಗೂ ಅವಳು ಹೆರಿಗೆ ಮಾಡಿಸಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಸೂರನ್ನೇ ನೋಡುತ್ತಿದ್ದ.

"ಹಾಗಾದರೆ ಅವಳ ನೋವು ಕೊನೆಗೂ ಹೋಗಲಿಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅದು ಹೋಗಲೆಂದು ಅವಳು ಕಾದಿದ್ದರೆ, ಕಾಲು ಮುಂದಾಗಿ ಬಂದ ನಾನು ಇವತ್ತು ನಿನ್ನ ಪಕ್ಕದಲ್ಲಿ ಕುಳಿತಿರುತ್ತಿರಲಿಲ್ಲ."